ವಿಷ ತಿನ್ನುವುದು ಬೇರೆ, ಇಟ್ಟುಕೊಳ್ಳುವುದು ಬೇರೆ

ರಥಸಪ್ತಮಿಯ ದಿನ ತಲೆ, ಹೆಗಲ ಮೇಲೆ ಎಕ್ಕದೆಲೆ ಇಟ್ಟುಕೊಂಡು ಮೀಯುವ ನಾವು, ಅದೇ ಎಲೆಯನ್ನು ಕೀಳುವಾಗ ಮಾತ್ರ ಮುಖವನ್ನು ಆಚೆ ತಿರುಗಿಸಿಕೊಳ್ಳುತ್ತೇವೆ. ತೊಟ್ಟು ಮುರಿದ ಕೂಡಲೇ ಒಸರುವ ಹಾಲು ಕಣ್ಣಿಗೆ ಸಿಡಿದರೆ ಪಡಿಪಾಟಲು ಹೇಳತೀರದು ಎಂಬುದು ಹಳ್ಳಿಯ ಮಕ್ಕಳಿಗೂ ಗೊತ್ತು. ರಸ್ತೆ ಬದಿ, ಪಾಳು ಬಿದ್ದ ಸೈಟು, ರೈಲು ಹಳಿಯ ಅಂಚು, ಎಲ್ಲಿ ನೋಡಿದರೂ ಎಕ್ಕ ಸೊಂಪಾಗಿಯೇ ನಿಂತಿರುತ್ತದೆ. ಬೇಸಿಗೆಯಲ್ಲಿ ಸುತ್ತಲಿನ ಹುಲ್ಲೆಲ್ಲ ಒಣಗಿ ಕಡ್ಡಿಯಾದಾಗಲೂ ದನಗಳು ಅದನ್ನು ಮೂಸಿ ಮುಂದಕ್ಕೆ ಹೋಗುತ್ತವೆ. ಬೇಲಿ ಹಾಕಿ ಕಾಯುವವರಿಲ್ಲದ ಗಿಡ ತನ್ನನ್ನು ತಾನೇ ಕಾಯ್ದುಕೊಳ್ಳುವ ಬಗೆ ಅದು.

ಅದರ ಎಳೆಯ ಎಲೆಯೊಂದನ್ನು ಮೆಲ್ಲಗೆ ಮಗುಚಿ ನೋಡಿ. ಅದೃಷ್ಟವಿದ್ದರೆ ಗುಂಡುಸೂಜಿಯ ತಲೆಗಿಂತ ಚಿಕ್ಕದಾದ, ಕೆನೆ ಬಣ್ಣದ ಒಂಟಿ ಮೊಟ್ಟೆ ಅಂಟಿಕೊಂಡಿರುತ್ತದೆ. ಇಟ್ಟದ್ದು ಪ್ಲೇನ್ ಟೈಗರ್ ಚಿಟ್ಟೆ. ಕಿತ್ತಳೆ ರೆಕ್ಕೆ, ಕಪ್ಪು ಅಂಚು, ಅದರ ಮೇಲೆ ಬಿಳಿ ಚುಕ್ಕಿ; ಹೆಸರು ಗೊತ್ತಿಲ್ಲದವರೂ ನೋಡಿರುವ ಚಿಟ್ಟೆ ಇದು. ಮೊಟ್ಟೆಯೊಡೆದು ಬರುವ ಹುಳು ಬೆಳೆದಂತೆ ಮೈತುಂಬ ಕಪ್ಪು, ಬಿಳಿ, ಹಳದಿ ಪಟ್ಟೆ ಹೊತ್ತು ಎಲೆಯ ಮೇಲೆ ಎದ್ದು ಕಾಣುತ್ತದೆ. ಬೆನ್ನ ಮೇಲೆ ಮೂರು ಜೊತೆ ಕಪ್ಪು ಎಳೆಗಳು. ಅಡಗಿಕೊಳ್ಳುವ ಯೋಚನೆಯೇ ಅದಕ್ಕಿಲ್ಲ.

ಊಟಕ್ಕೆ ಮೊದಲು ಅದು ಮಾಡುವ ಕೆಲಸವನ್ನು ಸಾವಧಾನವಾಗಿ ನೋಡಬೇಕು. ಎಲೆಯ ನಡುನರವನ್ನೋ ತೊಟ್ಟಿನ ಹತ್ತಿರದ ದಪ್ಪ ನರವನ್ನೋ ಆರಿಸಿ, ಅಲ್ಲಿ ಕಚ್ಚಿ ಒಂದು ಕಚ್ಚು ಮಾಡುತ್ತದೆ. ಹಾಲು ಉಕ್ಕುತ್ತದೆ. ಹುಳು ಬಾಯಿ ಒರೆಸಿಕೊಂಡು ಹಿಂದೆ ಸರಿಯುತ್ತದೆ, ಮತ್ತೆ ಬಂದು ಕಚ್ಚುತ್ತದೆ. ನರ ಅರ್ಧಕ್ಕಿಂತ ಹೆಚ್ಚು ತುಂಡಾದಾಗ ಎಲೆಯ ತುದಿ ಜೋತುಬೀಳುತ್ತದೆ. ಹಾಲಿನ ಕಾಲುವೆ ಅಲ್ಲಿಗೆ ಕಡಿದುಹೋಯಿತು. ಆಮೇಲೆ ಕಚ್ಚಿನಿಂದ ಆಚೆಗಿನ ಭಾಗಕ್ಕೆ ಹೋಗಿ ನಿಶ್ಚಿಂತೆಯಿಂದ ತಿನ್ನತೊಡಗುತ್ತದೆ. ಆಗತಾನೇ ಹುಟ್ಟಿದ ಮರಿಗಳಿಗೆ ಈ ಹಾಲು ಜೀವದ ಪ್ರಶ್ನೆ. ಅಂಟಿನಲ್ಲಿ ಬಾಯಿ ಸಿಕ್ಕಿಕೊಂಡು ಸಾಯುವ ಮರಿಗಳೂ ಇವೆ. ಅಂದರೆ ಎಕ್ಕವನ್ನೇ ಉಂಡು ಬೆಳೆಯುವ ಹುಳುವಿಗೂ ಎಕ್ಕದ ಹಾಲೆಂದರೆ ಅಂಜಿಕೆಯೇ. ಅದು ತಪ್ಪಿಸಿಕೊಳ್ಳುವುದು ಮುಖ್ಯವಾಗಿ ಅಂಟಿನಿಂದ. ವಿಷ ಎಲೆಯಲ್ಲೂ ಇದೆ. ಅದನ್ನು ಅದು ಬಿಡುವುದಿಲ್ಲ.

ಆ ವಿಷಗಳಿಗೆ ಕಾರ್ಡಿನೊಲೈಡ್ ಎಂದು ಹೆಸರು. ಎಕ್ಕದಲ್ಲಿರುವ ಕ್ಯಾಲೊಟ್ರೋಪಿನ್, ಕಣಗಿಲೆಯಲ್ಲಿರುವ ಒಲಿಯಾಂಡ್ರಿನ್, ಹೃದ್ರೋಗಿಗಳಿಗೆ ವೈದ್ಯರು ಅಳೆದು ತೂಗಿ ಕೊಡುವ ಡಿಜಾಕ್ಸಿನ್, ಮೂರೂ ಒಂದೇ ಬಳಗದವು. ಇವೆಲ್ಲ ಏಟು ಕೊಡುವ ಜಾಗವೂ ಒಂದೇ. ಪ್ರಾಣಿಯ ಪ್ರತಿ ಜೀವಕೋಶದ ಪೊರೆಯಲ್ಲೂ ಸೋಡಿಯಂ ಪಂಪ್ ಎಂಬ ಪ್ರೋಟೀನು ಇರುತ್ತದೆ. ಪ್ರತಿ ಸುತ್ತಿಗೆ ಮೂರು ಸೋಡಿಯಂ ಅಯಾನುಗಳನ್ನು ಹೊರಹಾಕಿ ಎರಡು ಪೊಟ್ಯಾಸಿಯಂ ಅಯಾನುಗಳನ್ನು ಒಳಗೆಳೆದುಕೊಳ್ಳುವುದು ಅದರ ಕಸುಬು. ನರ ಸಂದೇಶ ಸಾಗಿಸುವುದು, ಹೃದಯ ಮಿಡಿಯುವುದು ಈ ಪಂಪಿನ ಭರವಸೆಯ ಮೇಲೆ. ಕಾರ್ಡಿನೊಲೈಡ್ ಹೋಗಿ ಬೀಗದ ತೂತಿನಲ್ಲಿ ಮುರಿದ ಕಡ್ಡಿಯಂತೆ ಅದರೊಳಗೆ ಸಿಕ್ಕಿಕೊಳ್ಳುತ್ತದೆ. ಅಳತೆ ಕಡಿಮೆಯಿದ್ದರೆ ಬಳಲಿದ ಹೃದಯದ ಮಿಡಿತಕ್ಕೆ ಬಲ. ಸ್ವಲ್ಪ ಮೀರಿದರೆ ವಾಂತಿ, ಇನ್ನೂ ಮೀರಿದರೆ ಹೃದಯ ಸ್ತಂಭನ.

ಹಾಗಾದರೆ ಹುಳು ಹೇಗೆ ಬದುಕಿತು? ಪಂಪಿನ ಪ್ರೋಟೀನು ಅಮೈನೋ ಆಮ್ಲಗಳ ಉದ್ದನೆಯ ಸರಪಳಿ. ಪ್ಲೇನ್ ಟೈಗರ್ ಮತ್ತು ಅದರ ಅಮೆರಿಕದ ದಾಯಾದಿ ಮೊನಾರ್ಕ್ ಚಿಟ್ಟೆಗಳಲ್ಲಿ ಆ ಸರಪಳಿಯ 122ನೇ ಜಾಗದಲ್ಲಿ ಆಸ್ಪರಜಿನ್ ಇರಬೇಕಾದಲ್ಲಿ ಹಿಸ್ಟಿಡಿನ್ ಇದೆ. ಇಷ್ಟೇ ವ್ಯತ್ಯಾಸ ಸಾಕು, ವಿಷಕ್ಕೆ ಹಿಡಿತ ಸಿಗುವುದಿಲ್ಲ. ಇದು ಬರೀ ಊಹೆ ಇರಬಹುದೇ ಎಂಬ ಅನುಮಾನವನ್ನು 2019ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ತಂಡವೊಂದು ನಿವಾರಿಸಿತು. ಬಾಳೆಹಣ್ಣಿನ ಸುತ್ತ ಹಾರಾಡುವ ಹಣ್ಣುನೊಣದ ಜೀನನ್ನು ಕ್ರಿಸ್ಪರ್ ವಿಧಾನದಿಂದ ತಿದ್ದಿ, ಮೊನಾರ್ಕ್‌ನಲ್ಲಿರುವಂತೆಯೇ 111, 119, 122ನೇ ಜಾಗಗಳಲ್ಲಿ ಬದಲಾವಣೆ ಮಾಡಿದರು. ಮೂರೂ ಬದಲಾವಣೆ ಆದ ನೊಣಗಳು ವಿಷ ಬೆರೆಸಿದ ಆಹಾರ ತಿಂದು ಆರಾಮಾಗಿದ್ದವು. 122ನೇ ಜಾಗ ಒಂದನ್ನೇ ಬದಲಿಸಿದವಕ್ಕೆ ಮಾತ್ರ ಬೇರೊಂದು ತೊಂದರೆ: ಅಲುಗಾಡಿಸಿದರೆ ಸಾಕು, ಕೈಕಾಲು ಬಿಟ್ಟು ಸ್ತಬ್ಧವಾಗಿ ಬೀಳುತ್ತಿದ್ದವು. 119ನೇ ಬದಲಾವಣೆ ಆ ದೋಷವನ್ನು ಸರಿದೂಗಿಸಿತು. ವಿಷ ತಡೆಯುವ ಶಕ್ತಿ ಪುಕ್ಕಟೆ ಬಂದದ್ದಲ್ಲ, ನರವ್ಯೂಹ ಅದಕ್ಕೆ ಬೆಲೆ ತೆತ್ತಿದೆ.

ಆ ಪ್ರಯೋಗದಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಇನ್ನೊಂದು ವಿವರ. ತಿದ್ದಿದ ನೊಣಗಳು ಮರಿಯಾಗಿದ್ದಾಗ ತಿಂದ ವಿಷದ ಒಂದಿಷ್ಟು ಅಂಶ ಕೋಶಾವಸ್ಥೆ ದಾಟಿ, ರೆಕ್ಕೆ ಬಂದ ಮೇಲೂ ಅವುಗಳ ಮೈಯಲ್ಲಿ ಉಳಿದಿತ್ತು. ಚಿಟ್ಟೆಯ ಕಥೆಯಲ್ಲೂ ಮುಖ್ಯವಾದದ್ದು ಇದೇ. ಎಲೆ ತಿನ್ನುವುದು ಹುಳು, ವಿಷದ ಲಾಭ ಹೆಚ್ಚಾಗಿ ಚಿಟ್ಟೆಗೆ. ಕರುಳಿನ ಗೋಡೆ ದಾಟಿದ ಕಾರ್ಡಿನೊಲೈಡ್ ದೇಹದ್ರವಕ್ಕೆ ಸೇರಿ, ಮೈಯೆಲ್ಲ ಕರಗಿ ಮರುರೂಪ ಪಡೆಯುವ ಆ ವಿಚಿತ್ರ ದಿನಗಳನ್ನೂ ಕಳೆದು, ಕೊನೆಗೆ ಚಿಟ್ಟೆಯ ಹೊರಚರ್ಮದಲ್ಲಿ, ರೆಕ್ಕೆಗಳಲ್ಲಿ ನೆಲೆಸುತ್ತದೆ. ಹಕ್ಕಿ ಮೊದಲು ಕೊಕ್ಕು ಹಾಕುವ ಜಾಗವೇ ಅದು.

ಇಂಥದ್ದೇನೋ ಇದೆ ಎಂಬ ಗುಮಾನಿ ಹತ್ತೊಂಬತ್ತನೆಯ ಶತಮಾನದಿಂದಲೇ ಇತ್ತು. ಸಾಕ್ಷಿ ಸಿಕ್ಕಿದ್ದು 1960ರ ದಶಕದಲ್ಲಿ. ಇಂಗ್ಲೆಂಡಿನ ಮಿರಿಯಂ ರಾತ್ಸ್‌ಚೈಲ್ಡ್ ಪ್ರಸಿದ್ಧ ಬ್ಯಾಂಕರುಗಳ ಮನೆತನದ ಹೆಣ್ಣುಮಗಳು. ಚಿಗಟಗಳ ಬಗ್ಗೆ ಜಗತ್ತಿನಲ್ಲೇ ದೊಡ್ಡ ತಜ್ಞೆ. ಸ್ವಿಟ್ಜರ್ಲೆಂಡಿನ ಟಾಡೆಯುಷ್ ರೈಖ್‌ಸ್ಟೈನ್ 1950ರಲ್ಲಿ ನೊಬೆಲ್ ಪಡೆದ ರಸಾಯನಶಾಸ್ತ್ರಜ್ಞ. ಈ ಅಪರೂಪದ ಜೋಡಿ ಸಹೋದ್ಯೋಗಿಗಳೊಡನೆ ಸೇರಿ 1968ರಲ್ಲಿ ಮೊನಾರ್ಕ್ ಚಿಟ್ಟೆಯ ಮೈಯಲ್ಲಿರುವ ಹೃದಯವಿಷ ಅದು ತಿಂದ ಗಿಡದ್ದೇ ಎಂದು ತೋರಿಸಿಕೊಟ್ಟಿತು. ಅದೇ ಹೊತ್ತಿಗೆ ಅಮೆರಿಕದಲ್ಲಿ ಲಿಂಕನ್ ಬ್ರೋವರ್ ನೀಲಿ ಜೇ ಹಕ್ಕಿಗಳನ್ನು ಸಾಕಿಕೊಂಡು ಕೂತಿದ್ದರು. ಹಿಂದೆಂದೂ ಮೊನಾರ್ಕ್ ಕಾಣದ ಹಕ್ಕಿ ಚಿಟ್ಟೆಯನ್ನು ಸಲೀಸಾಗಿ ನುಂಗುತ್ತಿತ್ತು. ಸ್ವಲ್ಪ ಹೊತ್ತಿಗೆ ಗರಿ ಕೆದರಿಕೊಂಡು ವಾಂತಿ ಮಾಡುತ್ತಿತ್ತು. ಆಮೇಲೆ ಮೊನಾರ್ಕ್ ಕಣ್ಣಿಗೆ ಬಿದ್ದರೆ ಸಾಕು, ಮುಟ್ಟಲು ಒಲ್ಲದು. ಆ ಹಕ್ಕಿ ಕಕ್ಕುವ ಛಾಯಾಚಿತ್ರ ಇವತ್ತಿಗೂ ಜೀವಶಾಸ್ತ್ರದ ಪುಸ್ತಕಗಳಲ್ಲಿ ಕಾಣಸಿಗುತ್ತದೆ. ಬ್ರೋವರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಮೊನಾರ್ಕ್ ಹುಳುಗಳಲ್ಲಿ ಎಲೆಕೋಸು ತಿನ್ನಲು ಒಪ್ಪಿದವನ್ನೇ ಆರಿಸಿ ಬೆಳೆಸಿದರು. ಕೋಸು ತಿಂದು ಬೆಳೆದ ಚಿಟ್ಟೆಯನ್ನು ಹಕ್ಕಿಗಳು ತಿಂದು ಅರಗಿಸಿಕೊಂಡವು. ರೆಕ್ಕೆಯ ಬಣ್ಣ ಅದೇ, ಚುಕ್ಕಿ ಅದೇ. ಕಹಿ ಇಲ್ಲ, ಅಷ್ಟೆ.

ಇಷ್ಟು ತಿಳಿದ ಮೇಲೆ ಪ್ಲೇನ್ ಟೈಗರಿನ ಹಾರಾಟದ ಧಿಮಾಕು ಅರ್ಥವಾಗುತ್ತದೆ. ಅದು ಅವಸರಪಡುವುದಿಲ್ಲ. ತೇಲುತ್ತಾ, ನಿಂತು ನಿಂತು ಹೋಗುತ್ತದೆ. ಮೈ ತೊಗಲಿನಂತೆ ಗಟ್ಟಿ. ಹಕ್ಕಿ ಕಚ್ಚಿ ಥೂ ಎಂದು ಉಗುಳಿದರೂ ಎದ್ದು ಹಾರಿಹೋಗುವಷ್ಟು. ಕೊಕ್ಕಿನ ಗುರುತು ಮೂಡಿದ ರೆಕ್ಕೆ ಹೊತ್ತು ಹಾರುವ ಟೈಗರ್‌ಗಳು ಕಾಣಸಿಗುವುದು ಅಪರೂಪವೇನಲ್ಲ.

ಇಲ್ಲಿಗೆ ಮುಗಿದಿದ್ದರೆ ಸರಳ ಕಥೆಯಾಗುತ್ತಿತ್ತು: ವಿಷದ ಗಿಡ ತಿಂದ ಹುಳು ವಿಷದ ಚಿಟ್ಟೆಯಾಯಿತು. ನಮ್ಮ ಮನೆಯಂಗಳದ ಕಣಗಿಲೆ ಈ ಸರಳತೆಯನ್ನು ಕೆಡಿಸುತ್ತದೆ. ಕಣಗಿಲೆಯ ಎಲೆಯಡಿ ಕನ್ನಡಿಯಂತೆ ಮಿರುಗುವ ಬೆಳ್ಳಿ ಬಣ್ಣದ ಕೋಶವೊಂದು ತೂಗುತ್ತಿರುವುದನ್ನು ನೀವು ನೋಡಿರಬಹುದು. ಅದು ಕಾಮನ್ ಕ್ರೋ ಚಿಟ್ಟೆಯದು. ಕಂದುಗಪ್ಪು ರೆಕ್ಕೆ, ಅಂಚಿನಲ್ಲಿ ಬಿಳಿ ಚುಕ್ಕಿಗಳ ಸಾಲು. ಹುಳುವಾಗಿದ್ದಾಗ ತಿಂದದ್ದು ಕಣಗಿಲೆ ಎಲೆ, ಎಂದರೆ ದನಕರು ತಿಂದರೆ ಸಾಯುವಂಥದ್ದು. ಚಿಟ್ಟೆಯಾದ ಮೇಲೆ ಪರೀಕ್ಷಿಸಿದರೆ ಮೈಯಲ್ಲಿ ಕಣಗಿಲೆಯ ವಿಷ ಇಲ್ಲ. ಇದನ್ನು ರಾತ್ಸ್‌ಚೈಲ್ಡ್ 1983ರಲ್ಲೇ ಗುರುತಿಸಿದ್ದರು. ಇನ್ನೂ ಸೋಜಿಗವೆಂದರೆ ಇದರ ಸೋಡಿಯಂ ಪಂಪಿನಲ್ಲಿ ಪ್ಲೇನ್ ಟೈಗರ್‌ನಲ್ಲಿರುವ ಆ ಬದಲಾವಣೆಯೂ ಇಲ್ಲ. ವಿಷ ತಗಲಿದರೆ ಅದರ ಪಂಪು ನಮ್ಮದರಂತೆಯೇ ಕೆಡುತ್ತದೆ. ಆದರೂ ಹುಳು ಕಣಗಿಲೆ ತಿಂದು ಮೈದುಂಬಿಕೊಳ್ಳುತ್ತದೆ. ಏಕೆಂದರೆ ವಿಷವನ್ನು ಅದು ಕರುಳಿನ ಗೋಡೆಯಿಂದಾಚೆಗೆ ದಾಟಗೊಡುವುದಿಲ್ಲ.

ಸಂಶೋಧಕರಾದ ಜಾರ್ಜ್ ಪೆಟ್ಶೆಂಕಾ ಮತ್ತು ಅನುರಾಗ್ ಅಗರವಾಲ್ 2015ರಲ್ಲಿ ಟೈಗರ್, ಮೊನಾರ್ಕ್, ಕ್ರೋಗಳು ಸೇರಿದ ಬಳಗದ ಚಿಟ್ಟೆಗಳನ್ನು ಹೋಲಿಸಿ ಹೇಳಿದ್ದು ಇದನ್ನೇ. ವಿಷದೆಲೆಯನ್ನು ತಿಂದು ಬದುಕಲು ಬದಲಾದ ಪಂಪು ಬೇಕಿಲ್ಲ, ಬಿಗಿಯಾದ ಕರುಳಿದ್ದರೆ ಸಾಕು. ಬದಲಾದ ಪಂಪು ಬೇಕಾಗುವುದು ವಿಷವನ್ನು ಒಳಗೆ ಬಿಟ್ಟುಕೊಂಡು ಕೂಡಿಡಲು. ಗಿಡದ ಮೇಲಿನ ಗೆಲುವು ಒಂದು ಹಂತ. ಅದರ ಆಯುಧ ಕಸಿದು ಹಕ್ಕಿಯ ಮೇಲೆ ತಿರುಗಿಸುವುದು ಬೇರೆಯೇ ಹಂತ. ಪಠ್ಯಪುಸ್ತಕಗಳು ಎರಡನ್ನೂ ಬೆಸೆದು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತವೆ. ನನಗನಿಸುವಂತೆ ಇಡೀ ವಿಷಯದ ಸ್ವಾರಸ್ಯ ಇರುವುದು ಈ ಎರಡರ ನಡುವಿನ ಬಿರುಕಿನಲ್ಲೇ.

ಹಾಗಿದ್ದರೆ ಕ್ರೋ ಚಿಟ್ಟೆಗೆ ರಕ್ಷಣೆ ಎಲ್ಲಿಂದ? ಅದೂ ನಿಧಾನವಾಗಿಯೇ ಹಾರುತ್ತದೆ, ಹಕ್ಕಿಗಳು ಅದನ್ನೂ ಬಿಡುತ್ತವೆ. ಉತ್ತರ ನಮ್ಮ ಬಯಲಿನ ಗಿಲಿಗಿಲಿ ಗಿಡಗಳಲ್ಲಿದೆ. ಒಣಗಿದ ಕಾಯಿ ಅಲ್ಲಾಡಿಸಿದರೆ ಗಿಲಕಿಯ ಸದ್ದು ಮಾಡುವ, ಸೆಣಬಿನ ಜಾತಿಯ ಹಳದಿ ಹೂವಿನ ಕ್ರೊಟಲೇರಿಯ ಗಿಡಗಳು. ಜೊತೆಗೆ ಚೇಳಿನ ಬಾಲದಂತೆ ಹೂಗೊಂಚಲು ಸುತ್ತಿಕೊಂಡಿರುವ ಹೀಲಿಯೋಟ್ರೋಪಿಯಂ. ಇವುಗಳಲ್ಲಿ ಪಿರೊಲಿಜಿಡಿನ್ ಆಲ್ಕಲಾಯ್ಡ್ ಎಂಬ ಬೇರೊಂದು ಜಾತಿಯ ವಿಷವಿದೆ. ನಮ್ಮಂಥ ಪ್ರಾಣಿಗಳ ಪಿತ್ತಜನಕಾಂಗವನ್ನು ಕೆಡಿಸುವಂಥದ್ದು. ಬಾಡಿದ, ಮುರಿದ, ಹುಳು ಕಡಿದ ಗಿಡವಿದ್ದರೆ ಕ್ರೋಗಳೂ ಅದೇ ಬಳಗದ ಬ್ಲೂ ಟೈಗರ್‌ಗಳೂ ಹತ್ತಿಪ್ಪತ್ತರ ಹಿಂಡಿನಲ್ಲಿ ಮುತ್ತಿಕೊಳ್ಳುತ್ತವೆ. ಹತ್ತಿರ ಹೋದರೂ ಕದಲುವುದಿಲ್ಲ. ಕಾಲಿನ ಉಗುರುಗಳಿಂದ ಎಲೆಯನ್ನು ಕೆರೆದು, ಹೀರುಗೊಳವೆಯಿಂದ ಜೊಲ್ಲು ಸುರಿಸಿ, ಕರಗಿದ್ದನ್ನು ಮತ್ತೆ ಹೀರುತ್ತವೆ. ಹೂವಿನ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ. ಗಮನಿಸಿದರೆ ಹೆಚ್ಚಿನವು ಗಂಡುಗಳು. ಒಣಗಿದ ಹೀಲಿಯೋಟ್ರೋಪಿಯಂ ಕಟ್ಟನ್ನು ಕೊಂಬೆಗೆ ನೇತುಹಾಕಿ ಚಿಟ್ಟೆಗಳನ್ನು ಕರೆಸಿಕೊಳ್ಳುವ ಉಪಾಯ ಚಿಟ್ಟೆಪ್ರಿಯರಿಗೆ ಚೆನ್ನಾಗಿ ಗೊತ್ತು.

ಗಂಡಿಗೆ ಈ ವಿಷದಿಂದ ಎರಡು ಉಪಯೋಗ. ಒಂದು, ಅದನ್ನೇ ಮಾರ್ಪಡಿಸಿ ಹೆಣ್ಣನ್ನು ಒಲಿಸುವ ಗಂಧ ತಯಾರಿಸುತ್ತದೆ; ಹೊಟ್ಟೆಯ ತುದಿಯಿಂದ ಹೊರಚಾಚುವ ಕುಂಚದಂಥ ರೋಮಗಳಿಂದ ಆ ಗಂಧವನ್ನು ಹೆಣ್ಣಿನ ಮೇಲೆ ಸವರುತ್ತದೆ. ಇನ್ನೊಂದು, ತನ್ನ ರಕ್ಷಣೆ. ಮೊನಾರ್ಕ್‌ನ ಹತ್ತಿರದ ಬಂಧು ಕ್ವೀನ್ ಚಿಟ್ಟೆಯಲ್ಲಿ ಗಂಡು ಕೂಡುವಾಗ ವೀರ್ಯದೊಡನೆ ಆಲ್ಕಲಾಯ್ಡ್ ಅನ್ನೂ ಹೆಣ್ಣಿಗೆ ದಾಟಿಸುತ್ತದೆಂದೂ, ಅದು ಮೊಟ್ಟೆಗಳವರೆಗೆ ತಲುಪುತ್ತದೆಂದೂ ಥಾಮಸ್ ಐಸ್ನರ್ ತಂಡ ಕಂಡುಕೊಂಡಿದೆ. ಮದುವೆಗೆ ಬಂದ ಗಂಡು ತರುವ ಉಡುಗೊರೆಯೇ ವಿಷ! ಇದರ ಬಲ ಎಷ್ಟೆಂಬುದನ್ನು ಬ್ರೆಜಿಲ್‌ನಲ್ಲಿ ಕೀತ್ ಬ್ರೌನ್ 1984ರಲ್ಲಿ ಜೇಡದ ಬಲೆಯಲ್ಲೇ ತೋರಿಸಿದರು. ಆಲ್ಕಲಾಯ್ಡ್ ಕುಡಿದ ಚಿಟ್ಟೆ ಬಲೆಗೆ ಬಿದ್ದರೆ ದೈತ್ಯ ಜೇಡ ಬಂದು ಮುಟ್ಟಿ ನೋಡಿ, ಎಳೆ ಕತ್ತರಿಸಿ ಅದನ್ನು ಬಿಟ್ಟುಬಿಡುತ್ತಿತ್ತು. ಆಗಷ್ಟೇ ಕೋಶದಿಂದ ಬಂದು ಇನ್ನೂ ವಿಷ ಕುಡಿಯದ ಅದೇ ಜಾತಿಯ ಚಿಟ್ಟೆಯನ್ನು ತಿಂದು ಮುಗಿಸುತ್ತಿತ್ತು.

ಈ ಹಸಿವು ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಇಂಡೊನೇಷ್ಯಾದ ಸುಲಾವೆಸಿಯಿಂದ 2021ರಲ್ಲಿ ಒಂದು ವರದಿ ಬಂತು. ಅಲ್ಲಿಯ ಟಾಂಕೊಕೊ ಕಾಡಿನಲ್ಲಿ ಈ ಬಳಗದ ಚಿಟ್ಟೆಗಳು ಎಲೆಯನ್ನು ಕೆರೆಯುವುದಷ್ಟೇ ಅಲ್ಲ, ಎಲೆಯ ಮೇಲಿದ್ದ ತಮ್ಮದೇ ಬಳಗದ ಜೀವಂತ ಹುಳುಗಳನ್ನೂ ಉಗುರಿನಿಂದ ಕೆರೆದು ಅವುಗಳ ಮೈರಸ ಹೀರುತ್ತಿದ್ದವು. ಸತ್ತ ಹುಳುಗಳನ್ನೂ ಬಿಟ್ಟಿರಲಿಲ್ಲ. ಹೂವಿಂದ ಹೂವಿಗೆ ಹಾರುವ ಸಾಧುಪ್ರಾಣಿ ಎಂದು ಚಿಟ್ಟೆಯ ಬಗ್ಗೆ ಪ್ರಾಥಮಿಕ ಶಾಲೆಯಲ್ಲಿ ಕಲಿತದ್ದನ್ನು ಇಲ್ಲಿ ಕೊಂಚ ತಿದ್ದಿಕೊಳ್ಳಬೇಕಾಗುತ್ತದೆ.

ಕೂಡಿಡುವುದಕ್ಕೂ ಖರ್ಚಿದೆ. ಮೊನಾರ್ಕ್‌ನ ಆಹಾರವಾದ ಮಿಲ್ಕ್‌ವೀಡ್ ಗಿಡದಲ್ಲಿರುವ ವೊರುಸ್ಕಾರಿನ್ ಎಂಬ ಕಾರ್ಡಿನೊಲೈಡ್ ಮೊನಾರ್ಕ್ ಹುಳುವಿಗೂ ತ್ರಾಸ ಕೊಡುತ್ತದೆ. ಹುಳು ಅದನ್ನು ಕಡಿಮೆ ಉಪದ್ರವದ ರೂಪಕ್ಕೆ ಪರಿವರ್ತಿಸಿಯೇ ಕೂಡಿಡಬೇಕು, ಆ ಶ್ರಮದಲ್ಲಿ ಬೆಳವಣಿಗೆ ಕುಂಠಿತವಾಗುತ್ತದೆ ಎಂದು ಅಗರವಾಲ್ ತಂಡ 2021ರಲ್ಲಿ ವಿವರಿಸಿತು. ಹೀಗಿರುವಾಗ ಎಲ್ಲ ಚಿಟ್ಟೆಯೂ ಒಂದೇ ಸಮ ಕಹಿಯಾಗಿರುವುದಿಲ್ಲ. ವಿಷ ಕಡಿಮೆಯಿರುವ ಗಿಡದಲ್ಲಿ ಬೆಳೆದವು ತಮ್ಮದೇ ಜಾತಿಯ ಕಹಿ ಚಿಟ್ಟೆಗಳ ಹೆಸರಿನಲ್ಲಿ ಬದುಕಿಬಿಡುತ್ತವೆ. ಇನ್ನೊಂದೆಡೆ ಹಕ್ಕಿಗಳೂ ಸುಮ್ಮನಿಲ್ಲ. ಮೊನಾರ್ಕ್‌ಗಳು ಕೋಟಿಗಟ್ಟಲೆ ಚಳಿಗಾಲ ಕಳೆಯುವ ಮೆಕ್ಸಿಕೋದ ಬೆಟ್ಟಗಳಲ್ಲಿ ಒಂದು ಜಾತಿಯ ಓರಿಯೋಲ್ ಹಕ್ಕಿ ವಿಷ ಹೆಚ್ಚಿರುವ ಹೊರಚರ್ಮವನ್ನು ಬಿಟ್ಟು ಒಳಗಿನ ತಿರುಳನ್ನಷ್ಟೇ ಬಗೆದು ತಿನ್ನುತ್ತದೆ. ಅಲ್ಲಿಯ ಗ್ರೋಸ್‌ಬೀಕ್ ಎಂಬ ಹಕ್ಕಿಗೆ ಆ ನಾಜೂಕೂ ಬೇಕಿಲ್ಲ. ಅದರ ಸೋಡಿಯಂ ಪಂಪಿನಲ್ಲೂ ಬದಲಾವಣೆಗಳಿವೆ. ನಮ್ಮಲ್ಲಿ ಎಕ್ಕದ ಮೇಲಿನ ಹುಳುಗಳನ್ನು ಹುಡುಕಿ ಬರುವ ಟ್ಯಾಕಿನಿಡ್ ನೊಣಗಳ ಮರಿಗಳು ಒಳಗಿನಿಂದಲೇ ಹುಳುವನ್ನು ತಿಂದು ಹೊರಬರುತ್ತವೆ. ಅವಕ್ಕೆ ಈ ವಿಷ ತಡೆಯೇ ಅಲ್ಲ.

ಇನ್ನು ಚಿಟ್ಟೆಗಳಿಗೆ ವಿಷ ಒದಗಿಸುವ ಮತ್ತೊಂದು ಗಿಡ, ಈಶ್ವರಿ ಬಳ್ಳಿ. ಇಲ್ಲಿಯ ವಿಷ ಅರಿಸ್ಟೊಲೋಕಿಕ್ ಆಮ್ಲ, ಕಾರ್ಡಿನೊಲೈಡ್‌ಗೂ ಅದಕ್ಕೂ ಸಂಬಂಧವಿಲ್ಲ. ಹಾವು ಕಡಿತಕ್ಕೆ ಮದ್ದೆಂದು ಇದರ ಬೇರನ್ನು ಅರೆದು ಕುಡಿಸುವ ರೂಢಿ ನಮ್ಮಲ್ಲಿದೆ. ಈ ಆಮ್ಲ ಮೂತ್ರಪಿಂಡವನ್ನು ಹಾಳುಗೆಡಹುತ್ತದೆ, ಕ್ಯಾನ್ಸರನ್ನೂ ತರುತ್ತದೆ ಎಂಬುದು ಈಗ ಖಚಿತ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಗಿಡಮೂಲಿಕೆ ಎಂದು ಇದೇ ಕುಲದ ಸಸ್ಯವನ್ನು ಸೇವಿಸಿದ ಎಷ್ಟೋ ಮಹಿಳೆಯರ ಮೂತ್ರಪಿಂಡಗಳು ಕೈಕೊಟ್ಟವು. ಹಾವು ಕಡಿದರೆ ಆಸ್ಪತ್ರೆಗೆ ಹೋಗಬೇಕು, ಬಳ್ಳಿಯನ್ನು ಚಿಟ್ಟೆಗೆ ಬಿಡಬೇಕು. ಕ್ರಿಮ್ಸನ್ ರೋಸ್, ಕಾಮನ್ ರೋಸ್ ಚಿಟ್ಟೆಗಳ ಹುಳುಗಳಿಗೂ, ಹಳದಿ ಹಿಂರೆಕ್ಕೆಯ ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್‌ನ ಹುಳುಗಳಿಗೂ ಈಶ್ವರಿ ಬಳ್ಳಿಯ ಕುಟುಂಬ ಬಿಟ್ಟರೆ ಬೇರೆ ಊಟವಿಲ್ಲ. ಆ ವಿಷ ಮೈಗೂಡಿದ ಕ್ರಿಮ್ಸನ್ ರೋಸ್ ಎಷ್ಟು ಢಾಳಾಗಿದೆ ಎಂದರೆ, ಕಪ್ಪು ರೆಕ್ಕೆಯ ಮೇಲೆ ಬಿಳಿ ಪಟ್ಟೆ, ಕೆಂಪು ಚುಕ್ಕಿ ಸಾಲದೆಂಬಂತೆ ಮೈಯೂ ರಕ್ತಗೆಂಪು.

ಆ ಉಡುಪನ್ನು ಕದ್ದವರು ಯಾರೆಂದು ತಿಳಿಯಲು ಕರಿಬೇವಿನ ಗಿಡದ ಬಳಿ ನಿಲ್ಲಬೇಕು. ಕರಿಬೇವು, ನಿಂಬೆ ತಿಂದು ಬೆಳೆಯುವ ಕಾಮನ್ ಮಾರ್ಮನ್ ಚಿಟ್ಟೆಯಲ್ಲಿ ವಿಷವಿಲ್ಲ. ಗಂಡು ಕಪ್ಪಗೆ, ಹಿಂರೆಕ್ಕೆಗೆ ಒಂದು ಬಿಳಿ ಪಟ್ಟೆ. ಹೆಣ್ಣುಗಳು ಮಾತ್ರ ನಮ್ಮಲ್ಲಿ ಮೂರು ಬಗೆ: ಒಂದು ಗಂಡಿನ ಹಾಗೆ, ಒಂದು ಕಾಮನ್ ರೋಸ್ ಹಾಗೆ, ಇನ್ನೊಂದು ಕ್ರಿಮ್ಸನ್ ರೋಸ್ ಹಾಗೆ. ಇಷ್ಟು ಬೇರೆ ಬೇರೆ ಕಾಣುವವು ಒಂದೇ ಜಾತಿಯ ಹೆಣ್ಣುಗಳೆಂದು 1865ರಲ್ಲಿ ಆಲ್ಫ್ರೆಡ್ ರಸೆಲ್ ವಾಲೇಸ್ ಬರೆದಾಗ ಅದು ದೊಡ್ಡ ಸೋಜಿಗವಾಗಿತ್ತು. ಈ ಬಹುವೇಷದ ಗುಟ್ಟು ಡಬಲ್‌ಸೆಕ್ಸ್ ಎಂಬ ಒಂದೇ ಜೀನಿನಲ್ಲಿದೆ ಎಂದು 2014ರಲ್ಲಿ ತೋರಿಸಿದ ತಂಡದ ಮುಂಚೂಣಿಯಲ್ಲಿದ್ದವರು ಬೆಂಗಳೂರಿನ ಎನ್‌ಸಿಬಿಎಸ್ ಸಂಶೋಧನಾ ಕೇಂದ್ರದ ಕೃಷ್ಣಮೇಘ ಕುಂಟೆ. ಅಸಲಿ, ನಕಲಿ ಗುರುತಿಸಲು ಮೈ ನೋಡಿದರಾಯಿತು. ನಕಲಿಯ ರೆಕ್ಕೆ ಎಷ್ಟೇ ಪಕ್ಕಾ ಇದ್ದರೂ ಮೈ ಕಪ್ಪಾಗಿಯೇ ಉಳಿದಿದೆ. ಹಕ್ಕಿಗೆ ಅಷ್ಟು ಪರಿಶೀಲಿಸಲು ಪುರುಸೊತ್ತಿಲ್ಲ.

ಕ್ರಿಮ್ಸನ್ ರೋಸ್ ವೇಷದ ಮಾರ್ಮನ್ ಹೆಣ್ಣುಗಳು ಇರುವುದು ಕ್ರಿಮ್ಸನ್ ರೋಸ್ ಇರುವ ಕಡೆಗಳಲ್ಲೇ, ಮುಖ್ಯವಾಗಿ ಭಾರತ ಪರ್ಯಾಯ ದ್ವೀಪ ಮತ್ತು ಶ್ರೀಲಂಕಾದಲ್ಲಿ. ವೇಷ ನಡೆಯಬೇಕಾದರೆ ಪ್ರತಿ ವರ್ಷ ಗೂಡುಬಿಟ್ಟು ಬರುವ ಹೊಸ ಹಕ್ಕಿಮರಿಗಳು ಅಸಲಿಯ ರುಚಿ ಒಮ್ಮೆ ನೋಡಿರಬೇಕು. ಅಸಲಿಗಿಂತ ನಕಲಿಗಳೇ ಹೆಚ್ಚಾದರೆ ಮೊದಲ ತುತ್ತು ಸಿಹಿಯಾಗಿ ಪಾಠ ತಲೆಕೆಳಗಾಗುತ್ತದೆ. ಕರಿಬೇವನ್ನು ನಾವು ಮನೆಮನೆಯಲ್ಲೂ ನೆಟ್ಟು ನೀರು ಹಾಕುತ್ತೇವೆ, ಮಾರ್ಮನ್‌ಗೆ ಬರವಿಲ್ಲ. ಈಶ್ವರಿ ಬಳ್ಳಿ ಬೇಲಿಯ ಜೊತೆಗೇ ಹೋಗುತ್ತಿದೆ. ಉಳಿದದ್ದನ್ನು ಬೇರಿಗಾಗಿ ಬುಡಸಮೇತ ಕೀಳುತ್ತಾರೆ. ಬಳ್ಳಿಯಿಲ್ಲದ ಬಡಾವಣೆಯಲ್ಲಿ ರೋಸ್ ಮೊಟ್ಟೆಯಿಡುವುದಿಲ್ಲ. ಆಗ ಕರಿಬೇವಿನಿಂದ ಎದ್ದುಬರುವ ಆ ಕೆಂಪು ಚುಕ್ಕಿಯ ಹೆಣ್ಣು, ಅಲ್ಲಿಯ ಹಕ್ಕಿಗಳ ಕಣ್ಣಿಗೆ ಎಲ್ಲರಿಗಿಂತ ಸುಲಭವಾಗಿ ಕಾಣಿಸುವ ತುತ್ತು.